ಯಾರೂ ಕೂರದ ಗೋಡೆ

ಡುಲೂತ್, ಜನವರಿ. ಸರೋವರದ ಮೇಲೆ ಹೊಗೆಯಂಥ ಹಬೆ.
ಗುಡ್ಡದ ನಡುಮಧ್ಯೆ ಇಟ್ಟಿಗೆಯ ಮನೆ,
ಐಲಿ ಕಾಂಗಾಸ್, ಲೆಂಪಿ ಕಾಂಗಾಸ್, ಅಕ್ಕತಂಗಿ.
ಒಂದೇ ಸೂರಿನಡಿ ಒಬ್ಬಳಿಗೆ ಬೆವರು, ಒಬ್ಬಳಿಗೆ ನಡುಕ.

‘ಫರ್ನೇಸು ಕೆಟ್ಟಿದೆ’ ಎಂದಳು ಲೆಂಪಿ, ಎರಡು ಸ್ವೆಟರಿನೊಳಗಿಂದ.
ಕೆಟ್ಟಿರಲಿಲ್ಲ. ನೆಲಮಾಳಿಗೆಯ ಕತ್ತಲಲ್ಲಿ
ಕರೆದರೆ ಎದ್ದೇನು ಎಂದು ಕಾದು ಕೂತಿತ್ತು.
ಕರೆಯಬೇಕಾದದ್ದು ಅಡುಗೆಮನೆಯಲ್ಲಿತ್ತು,
ಒಲೆಯಿಂದ ಎರಡು ಗೇಣು,
ಐವತ್ತು ವರ್ಷದ ದುಂಡು ಥರ್ಮೋಸ್ಟಾಟು,
ಐಲಿಯ ಬಟಾಣಿ ಸಾರಿನ ಹಬೆಯಲ್ಲಿ ಮುಖ ತೊಳೆಯುತ್ತ.

ಅದು ಸುಳ್ಳು ಹೇಳುತ್ತಿರಲಿಲ್ಲ.
ತಾನು ನಿಂತ ಜಾಗದ ನಿಜ ಹೇಳುತ್ತಿತ್ತು, ಅಷ್ಟೆ.
ಹಿಂದಿನ ಕೋಣೆಯಲ್ಲಿ ಲೆಂಪಿಯ ಲೋಟದ ನೀರು
ಕೆನೆಗಟ್ಟಿದ್ದು ಅದಕ್ಕೆ ಯಾರು ಹೇಳಬೇಕು?

ನಾನು ಸಂಡೂರಿನವಳು. ಇಲ್ಲಿಯ ಹಡಗುಗಳೂ ಅದಿರು ಹೊರುತ್ತವೆ,
ನನಗೂ ಈ ಊರಿಗೂ ಇರುವ ನಂಟು ಅಷ್ಟೇ.
ನಲವತ್ತೊಂದಕ್ಕೆ ಈ ಕಸುಬಿಗೆ ಕೈಹಾಕಿದೆ.
ಕಲಿಸಿದ ಡೆಲ್ಮರ್ ಮಾತು ಕಡಿಮೆ:
ಮೊದಲು ಬ್ರೇಕರ್ ಇಳಿಸು.
ಇಳಿಸಿದೆನೆಂದು ನಿನ್ನನ್ನೇ ನಂಬಬೇಡ, ಟೆಸ್ಟರನ್ನು ಕೇಳು.
ಟೆಸ್ಟರನ್ನೂ ನಂಬಬೇಡ,
ಜೀವ ಇರುವ ತಂತಿಯ ಮೇಲೆ ಮೊದಲು ಅದರ ನಾಲಿಗೆ ನೋಡು.

ನೋಡಿದೆ. ಇಳಿಸಿದೆ. ಮತ್ತೆ ನೋಡಿದೆ.
ತಂತಿಗಳಿಗೆ ಹೆಸರಿನ ಚೀಟಿ ಅಂಟಿಸಿ
ಪೆನ್ಸಿಲ್ಲಿಗೆ ಸುತ್ತಿದೆ, ಗೋಡೆಯೊಳಕ್ಕೆ ಜಾರದ ಹಾಗೆ.
ಮುಚ್ಚಳ ತೆಗೆದರೆ, ಗಾಜಿನ ಬುರುಡೆಯಲ್ಲಿ
ಕಡಲೆಯಷ್ಟು ಪಾದರಸ,
ವಾಲಿದರೆ ಬೆಂಕಿ, ನೆಟ್ಟಗಾದರೆ ಬೂದಿ.
ಉಸಿರು ಹಿಡಿದು ಡಬ್ಬಿಯಲ್ಲಿ ಮಲಗಿಸಿದೆ.

‘ನನ್ನ ಕೋಣೆಯಲ್ಲಿ ಹಾಕು’ ಲೆಂಪಿ.
‘ಬದುಕುವುದು ಅಡುಗೆಮನೆಯಲ್ಲಿ, ಇಲ್ಲೇ ಇರಲಿ’ ಐಲಿ.
ನಾನು ಉತ್ತರ ಕೊಡದೆ ಅಂಗೈಯಿಂದ ಮನೆ ಸವರಿದೆ.
ಹೊರಗೋಡೆ ಬೇಡ, ಚಳಿ ಅದರ ಬೆನ್ನಿಗೇ ಒರಗಿದೆ.
ಕಿಟಕಿಯೆದುರು ಬೇಡ, ಮೂರು ಗಂಟೆಗೆ ಬಿಸಿಲು ಬಂದು
ಬೇಸಿಗೆಯೆಂದು ಪುಸಲಾಯಿಸುತ್ತದೆ.
ಬಿಸಿಗಾಳಿ ಬರುವ ಜಾಲರಿಯ ಮೇಲೆ ಬೇಡ,
ದೀಪದ ಪಕ್ಕ ಬೇಡ, ಬಾಗಿಲ ಹಿಂದೆ ಬೇಡ.

ಕೊನೆಗೆ ಉಳಿದದ್ದು ನಡುವಿನ ಓಣಿ,
ಒಳಗೋಡೆ, ನೆಲದಿಂದ ಐದಡಿ, ನನ್ನ ಕಣ್ಣಿನ ಮಟ್ಟ.
ಅಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ, ಉಣ್ಣುವುದಿಲ್ಲ.
ಎಲ್ಲರ ಪರವಾಗಿ ಹೇಳಬೇಕಾದದ್ದಕ್ಕೆ
ಯಾರದೂ ಅಲ್ಲದ ಜಾಗ.

ಯಾರದೂ ಅಲ್ಲ ಅಂದೆನಲ್ಲ, ಅಲ್ಲೊಂದು ಮೊಳೆ,
ಮೊಳೆಯಲ್ಲಿ ಉರ್ಹೋನ ಕೋಟು.
ಅಣ್ಣ. ಅದಿರಿನ ಹಡಗಿನವನು.
ಹೋಗಿ ಹನ್ನೆರಡು ವರ್ಷ.
ಕೋಟು ಮುಚ್ಚಿದರೆ ಯಂತ್ರಕ್ಕೆ ಗಾಳಿ ತಾಗದು ಎಂದು
ಹೇಳಲು ಬಾಯಿ ತೆರೆದವಳು ಸುಮ್ಮನೆ ನಿಂತೆ.

ಸಾರಿನ ಸೌಟು ಕೆಳಗಿಟ್ಟು ಐಲಿಯೇ ಬಂದಳು.
ಭುಜ ಹಿಡಿದು ಎತ್ತಿಕೊಂಡಳು, ಮಲಗಿದವನನ್ನು ಎಬ್ಬಿಸುವ ಹಾಗೆ.

ಕೆಳಗಿನಿಂದ ಹೊಸ ತಂತಿ ಎಳೆದೆ, ತೂತು ಕೊರೆದೆ.
ತೂತಿನಿಂದ ಗೋಡೆಯೊಳಗಿನ ಚಳಿ ಸುಯ್ಯೆಂದು ಬೆರಳಿಗೆ ತಾಗಿತು.
ಹೀಗೇ ಬಿಟ್ಟರೆ ಹೊಸದಕ್ಕೂ ಕಿವಿಯೂದುತ್ತಿರುತ್ತದೆ,
ಮನೆ ಬೆಂದರೂ ಚಳಿ ಚಳಿ ಎಂದು ಕೂಗೀತು.
‘ಕೋಟಿನ ಅಸ್ತರಲ್ಲಿ ಉಣ್ಣೆ ಇದೆ, ತುರುಕು’ ಎಂದಳು ಲೆಂಪಿ.
ಬೇಡಮ್ಮ, ಇದಕ್ಕೆ ಪುಟ್ಟಿಯೇ ಬೇಕು ಎಂದೆ,
ಸ್ವಲ್ಪ ಗಟ್ಟಿಯಾಗಿಯೇ ಎಂದೆನೇನೋ.

ಬ್ರೇಕರ್ ಎತ್ತಿದ ಮೇಲೆ ಮೂವರೂ ಓಣಿಯಲ್ಲಿ ನಿಂತೆವು.
ಟಿಕ್.
ನೆಲದಡಿ ಏನೋ ಮೈಮುರಿದು ಎದ್ದಿತು.
ಅಡುಗೆಮನೆಯಲ್ಲಿ ಹಳೆಯದು ಇದ್ದಲ್ಲಿ
ತಟ್ಟೆಯಗಲ ಹಸಿರು ಬಣ್ಣ, ಐವತ್ತು ವರ್ಷ ಗಾಳಿ ಕಾಣದ್ದು.
ನಾನು ಚೀಲ ಕಟ್ಟುವಷ್ಟರಲ್ಲಿ
ಅದರ ಮೇಲೆ ಮೊಳೆ ಹೊಡೆದು ಕೋಟು ತೂಗುಹಾಕಿದ್ದರು.
ಒಲೆಗೆ ಹತ್ತಿರ ಆಯಿತಲ್ಲ ಎಂದೆ.
‘ಅವನಿಗೆ ಯಾವಾಗಲೂ ಚಳಿ’ ಎಂದಳು ಐಲಿ.
ಮೊಳೆಯನ್ನು ಒಲೆಯಿಂದ ಮೂರಡಿ ಆಚೆ ಸರಿಸಿಯೇ ಹೊರಟೆ.

ಡಬ್ಬಿ ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿದು,
ವಿಷದ ಕಸ ತೆಗೆದುಕೊಳ್ಳುವ ಕಚೇರಿಗೆ.
ಗುಡ್ಡ ಇಳಿಯುವ ಪ್ರತಿ ತಿರುವಿಗೂ
ಆ ಕಡಲೆ ಅತ್ತ ಉರುಳಿ ಇತ್ತ ಉರುಳಿ
ಯಾವ ಮನೆಗೋ
ಬೆಂಕಿ ಬೇಕು, ಸಾಕು, ಬೇಕು ಎನ್ನುತ್ತಿತ್ತು.